ಕಾಣದ ಆದೇಶವನ್ನು ಪ್ರಶ್ನಿಸುವುದು ಹೇಗೆ? ಜಾಲತಾಣ ತಡೆ, 16ನೇ ನಿಯಮ ಮತ್ತು ಬೆಂಗಳೂರಿನ ಪ್ರಸಂಗಗಳು

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದುಪಡಿಸಿತು. ಫೇಸ್‌ಬುಕ್ಕಿನಲ್ಲಿ ಒಂದು ಸಾಲು ಬರೆದವರನ್ನು ಪೊಲೀಸರು ಎಳೆದೊಯ್ಯುತ್ತಿದ್ದ ಕಾಲ ಅದು. ತೀರ್ಪಿಗೆ ಸಿಕ್ಕ ಸ್ವಾಗತದಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಆದರೆ ಅದೇ ತೀರ್ಪಿನಲ್ಲಿ, ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ, ಸರ್ಕಾರಕ್ಕೆ ಜಾಲತಾಣಗಳನ್ನು ತಡೆಹಿಡಿಯುವ ಅಧಿಕಾರ ಕೊಡುವ 69ಎ ಸೆಕ್ಷನ್ನನ್ನು ಎತ್ತಿಹಿಡಿಯಿತು. ಆ ಭಾಗವನ್ನು ಆಗ ಓದಿದವರು ಕಡಿಮೆ. ಈ ಟಿಪ್ಪಣಿಯ ವಿಷಯ ಅದೇ.

69ಎ ಉಳಿದದ್ದಕ್ಕೆ ನ್ಯಾಯಾಲಯ ಕೊಟ್ಟ ಕಾರಣಗಳು ಸ್ಪಷ್ಟವಾಗಿವೆ. ತಡೆ ಅಗತ್ಯವೆಂದು ಕೇಂದ್ರ ಸರ್ಕಾರಕ್ಕೆ ಮನವರಿಕೆಯಾಗಬೇಕು. ಆ ಅಗತ್ಯ ದೇಶದ ಸಾರ್ವಭೌಮತೆ, ರಕ್ಷಣೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ, ಸಂವಿಧಾನವೇ ಒಪ್ಪಿರುವ ವಿಷಯಗಳಿಗೆ ಮಾತ್ರ ಸಂಬಂಧಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಏಕೆಂದರೆ ಹಾಗೆ ದಾಖಲಾದ ಕಾರಣಗಳನ್ನು ಹಿಡಿದು ನೊಂದವರು 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಅಂದರೆ ಕಾನೂನಿನ ಸಿಂಧುತ್ವವೇ ಒಂದು ಭರವಸೆಯ ಮೇಲೆ ನಿಂತಿದೆ: ಆದೇಶವನ್ನು ಯಾರಾದರೂ ಪ್ರಶ್ನಿಸಬಲ್ಲರು ಎಂಬ ಭರವಸೆ.

ಈಗ ಇದರ ಪಕ್ಕಕ್ಕೆ, 69ಎ ಅಡಿಯ 2009ರ ತಡೆ ನಿಯಮಗಳ 16ನೇ ನಿಯಮವನ್ನು ಇಟ್ಟು ಓದಬೇಕು. ಬಂದ ಮನವಿಗಳು, ದೂರುಗಳು, ಅವುಗಳ ಮೇಲೆ ಕೈಗೊಂಡ ಕ್ರಮಗಳು, ಎಲ್ಲವನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕು ಎನ್ನುತ್ತದೆ ಅದು. ಕಾರಣ ಬರೆದಿಡಲಾಗುತ್ತದೆ, ಆದರೆ ಯಾರ ವಿರುದ್ಧ ಬರೆಯಲಾಯಿತೋ ಅವರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರಿ ಆಜ್ಞೆಯ ಮೇರೆಗೆ ನಡೆಯುವ ಅಂತರ್ಜಾಲ ತಡೆಯನ್ನು ವಿರೋಧಿಸಲು ಹಲವು ವಾದಗಳಿವೆ: ಅದು ಫಲಕಾರಿಯಲ್ಲ, ದುಬಾರಿ, ಅತಿಯಾಗಿ ವಿಸ್ತರಿಸಿಕೊಳ್ಳುವ ಸ್ವಭಾವದ್ದು ಎಂಬಿತ್ಯಾದಿ. ಇವೆಲ್ಲ ಸರಿ ಇದ್ದರೂ ನನ್ನ ವಾದ ಇನ್ನೂ ಕಿರಿದಾದದ್ದು. ತಡೆಯ ಉಳಿದ ದೋಷಗಳೆಲ್ಲ ತಿದ್ದುಪಡಿಯಾಗದೆ ಉಳಿಯುವುದು ಈ ಗೋಪ್ಯತೆಯಿಂದ. ಆದ್ದರಿಂದ ವಿರೋಧದ ಮೊದಲ ಗುರಿ 16ನೇ ನಿಯಮವಾಗಬೇಕು.

ಹಳೆಯ ಪ್ರಸಂಗಗಳನ್ನು ಬೇಗ ಮುಗಿಸೋಣ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಒಂದು ಪ್ರತ್ಯೇಕತಾವಾದಿ ಸಂಘಟನೆಗೆ ಸಂಬಂಧಿಸಿದ ‘ಕಿನ್‌ಹನ್’ ಎಂಬ ಯಾಹೂ ಗುಂಪನ್ನು ತಡೆಯಲು ಆದೇಶವಾಯಿತು. ಒಂದು ಗುಂಪನ್ನಷ್ಟೇ ಪ್ರತ್ಯೇಕಿಸುವ ತಾಂತ್ರಿಕ ಶಕ್ತಿ ಸೇವಾ ಕಂಪನಿಗಳಿಗೆ ಇರಲಿಲ್ಲ, ಯಾಹೂ ಗುಂಪುಗಳೆಲ್ಲವೂ ಮುಚ್ಚಿದವು. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳ ಬೆನ್ನಿಗೆ, ಕೆಲವೇ ಪುಟಗಳನ್ನು ತಡೆಯಿರಿ ಎಂದರೆ ಬ್ಲಾಗ್‌ಸ್ಪಾಟ್ ಇಡಿಯಾಗಿ ಮುಚ್ಚಿತು. 2014ರ ಡಿಸೆಂಬರಿನಲ್ಲಿ ಐಸಿಸ್ ಪ್ರಚಾರವನ್ನು ತಡೆಯುವ ಹೆಸರಿನಲ್ಲಿ 32 ತಾಣಗಳ ಪಟ್ಟಿ ಹೊರಟಿತು. ಅದರಲ್ಲಿ ವಿಮಿಯೊ ಇತ್ತು, ಹಳೆಯ ಪುಸ್ತಕಗಳ ಭಂಡಾರವಾದ ಇಂಟರ್‌ನೆಟ್ ಆರ್ಕೈವ್ ಇತ್ತು, ಬೆಂಗಳೂರಿನ ಅರ್ಧಕ್ಕರ್ಧ ಸಾಫ್ಟ್‌ವೇರ್ ಕೆಲಸ ನಡೆಯುವ ಗಿಟ್‌ಹಬ್ ಕೂಡ ಇತ್ತು. ಇಲಿ ಹಿಡಿಯಲು ಮನೆಗೇ ಬೆಂಕಿ ಇಟ್ಟಂತೆ ಎಂದು ಆಗ ಜನ ಆಡಿಕೊಂಡರೆ ತಪ್ಪೇನಿರಲಿಲ್ಲ.

ಇಂಥ ಎಡವಟ್ಟುಗಳ ಹಿಂದಿನ ತಂತ್ರಜ್ಞಾನವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಮುಂದಿನ ಕಾನೂನು ಕಥೆ ತಿರುವು ಪಡೆದದ್ದು ಇಲ್ಲಿಯೇ. ನಾವು ಒಂದು ತಾಣದ ಹೆಸರು ಬರೆದೊಡನೆ ಫೋನು ಮೊದಲು ಡಿಎನ್‌ಎಸ್ ಎಂಬ ವಿಳಾಸ ಕೋಶವನ್ನು ಕೇಳುತ್ತದೆ. ಸೇವಾ ಕಂಪನಿ ಅಲ್ಲಿಯೇ ಸುಳ್ಳು ವಿಳಾಸ ಕೊಟ್ಟು ದಾರಿ ತಪ್ಪಿಸಬಹುದು. ಇಲ್ಲವೇ ಐಪಿ ವಿಳಾಸವನ್ನೇ ಮುಚ್ಚಬಹುದು, ಆದರೆ ಒಂದು ಐಪಿ ವಿಳಾಸದಲ್ಲಿ ಸಾವಿರಾರು ತಾಣಗಳು ವಾಸವಿರುತ್ತವೆ. ಆಸ್ಟ್ರೇಲಿಯದಲ್ಲಿ 2013ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ವಂಚಕರ ತಾಣವೊಂದನ್ನು ಹೀಗೆ ಮುಚ್ಚಿಸಲು ಹೋಗಿ ಮೆಲ್ಬರ್ನಿನ ಒಂದು ಸಾರ್ವಜನಿಕ ಶಿಕ್ಷಣ ಬಳಗವೂ ಸೇರಿ ಸಾವಿರಕ್ಕೂ ಹೆಚ್ಚು ತಾಣಗಳನ್ನು ಕತ್ತಲಿಗೆ ತಳ್ಳಿತ್ತು. ಮೂರನೆಯ ವಿಧಾನದಲ್ಲಿ ಕಂಪನಿ ನಮ್ಮ ಸಂಪರ್ಕದೊಳಗೆ ಇಣುಕಿ ನೋಡುತ್ತದೆ. ಎಚ್‌ಟಿಟಿಪಿ ಕಾಲದಲ್ಲಿ ಪುಟದ ಪೂರ್ತಿ ವಿಳಾಸ ಬರಿಗಣ್ಣಿಗೆ ಕಾಣುತ್ತಿತ್ತು. ಗೂಢಲಿಪಿಯ ಎಚ್‌ಟಿಟಿಪಿಎಸ್ ಬಂದ ಮೇಲೆ ಹೆಚ್ಚೆಂದರೆ ತಾಣದ ಹೆಸರು ಕಾಣುತ್ತದೆ, ಒಳಗಿನ ಪುಟವಲ್ಲ. ಹಾಗಾಗಿ ‘ಈ ಒಂದು ವೀಡಿಯೊ ತಡೆಯಿರಿ’ ಎಂಬ ಆದೇಶ ಸೇವಾ ಕಂಪನಿಗೆ ಹೋದರೆ ಅದರ ಮುಂದೆ ಎರಡೇ ದಾರಿ: ಇಡೀ ಯೂಟ್ಯೂಬ್ ಮುಚ್ಚು, ಅಥವಾ ಏನೂ ಮಾಡಬೇಡ.

ಎಲ್ಲ ಕಂಪನಿಗಳೂ ಒಂದೇ ಬಗೆಯಲ್ಲಿ ತಡೆಯುತ್ತವೆಯೇ? ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಂಶೋಧಕರು ತಡೆಗೆ ಒಳಗಾಗಿರಬಹುದಾದ ನಾಲ್ಕು ಸಾವಿರಕ್ಕೂ ಹೆಚ್ಚು ತಾಣಗಳ ಪಟ್ಟಿ ಕಟ್ಟಿ, ಬೇರೆ ಬೇರೆ ಕಂಪನಿಗಳ ಸಂಪರ್ಕದಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಕಂಪನಿ ಮುಚ್ಚಿದ್ದನ್ನು ಇನ್ನೊಂದು ತೆರೆದಿಟ್ಟಿತ್ತು, ವಿಧಾನಗಳೂ ಬೇರೆ ಬೇರೆಯಾಗಿದ್ದವು. ಕಾನೂನು ಒಂದೇ, ದೇಶವೂ ಒಂದೇ, ಆದರೆ ಯಾರ ಸಿಮ್ ಹಾಕಿದ್ದೇವೆ ಎಂಬುದರ ಮೇಲೆ ಓದುವ ಹಕ್ಕು ನಿರ್ಧಾರವಾಗುತ್ತಿದೆ. ಅಧಿಕೃತ ಪಟ್ಟಿ ಪ್ರಕಟವಾಗಿದ್ದರೆ ಯಾವ ಕಂಪನಿ ಆದೇಶ ಮೀರಿ ತಡೆಯುತ್ತಿದೆ ಎಂದು ಯಾರು ಬೇಕಾದರೂ ತಾಳೆ ನೋಡಬಹುದಿತ್ತು. ಸಂಶೋಧಕರಿಗೆ ಆ ಅನುಕೂಲವಿರಲಿಲ್ಲ. ತಡೆ ಆಗಿರುವುದನ್ನು ಹೊರಗಿನಿಂದ ಊಹಿಸಿ ಪರೀಕ್ಷಿಸಬೇಕಾಯಿತು.

ಈಗ ಬೆಂಗಳೂರಿನ 2012ರ ಆಗಸ್ಟಿಗೆ ಬರುತ್ತೇನೆ. ತಡೆಯ ಪರವಾಗಿ ಮಾತನಾಡುವವರಿಗೆ ಇದಕ್ಕಿಂತ ಬಲವಾದ ಉದಾಹರಣೆ ಸಿಗಲಾರದು. ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಜುಲೈಯಲ್ಲಿ ನಡೆದ ಹಿಂಸಾಚಾರಕ್ಕೆ ದಕ್ಷಿಣದಲ್ಲಿ ಈಶಾನ್ಯದವರ ಮೇಲೆ ಸೇಡು ತೀರಿಸುತ್ತಾರಂತೆ ಎಂಬ ವದಂತಿ ಹಬ್ಬಿತು. ಬೇರೆ ದೇಶಗಳ, ಬೇರೆ ಸಂದರ್ಭಗಳ ಶವಗಳ ಚಿತ್ರಗಳು ಅಸ್ಸಾಮಿನವೆಂದೂ ಬರ್ಮಾದವೆಂದೂ ಓಡಾಡಿದವು. ಆಗಸ್ಟ್ 11ರಂದು ಮುಂಬೈಯ ಆಜಾದ್ ಮೈದಾನದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತ್ತು. 15ರಿಂದ ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಈಶಾನ್ಯದ ಸಾವಿರಾರು ಯುವಕ ಯುವತಿಯರು, ಸೆಕ್ಯುರಿಟಿ ಗಾರ್ಡುಗಳು, ಹೋಟೆಲು ಕೆಲಸಗಾರರು, ಬ್ಯೂಟಿ ಪಾರ್ಲರಿನವರು, ವಿದ್ಯಾರ್ಥಿಗಳು, ಚೀಲ ಹೊತ್ತು ಗುವಾಹಟಿಯ ರೈಲಿಗೆ ಕಾದು ನಿಂತರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಜನ ಹೆದರಿದ್ದು ಸುಳ್ಳಲ್ಲ. ಆ ಹೊತ್ತಿನಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತು ಎಂದು ನಾನು ಹೇಳಲಾರೆ.

ಆದರೆ ಸರ್ಕಾರ ಮಾಡಿದ್ದೇನು? 17ರಂದು ಸಗಟು ಎಸ್‌ಎಂಎಸ್ ನಿಲ್ಲಿಸಿ, ದಿನಕ್ಕೆ ಒಬ್ಬರು ಐದೇ ಎಸ್‌ಎಂಎಸ್ ಕಳಿಸಬಹುದೆಂಬ ಮಿತಿಯನ್ನು ಇಡೀ ದೇಶಕ್ಕೆ ಹೇರಿತು. 18ರಿಂದ 21ರ ನಡುವೆ ಜಾಲತಾಣ ತಡೆಯ ಆದೇಶಗಳು ಹೊರಟವು. ಆ ಪಟ್ಟಿ ಸೋರಿ ಬಹಿರಂಗವಾಯಿತು, ಹಾಗಾಗಿಯೇ ಅದನ್ನು ಇಂದು ಪರಿಶೀಲಿಸಲು ಸಾಧ್ಯ. ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಪ್ರಣೇಶ್ ಪ್ರಕಾಶ್ ಅದನ್ನು ವಿಶ್ಲೇಷಿಸಿದರು. ಒಟ್ಟು 309 ನಮೂದುಗಳು. ಅವುಗಳಲ್ಲಿ ಫೇಸ್‌ಬುಕ್, ಯೂಟ್ಯೂಬ್ ಪುಟಗಳಿದ್ದವು, ಟ್ವಿಟರ್ ಖಾತೆಗಳಿದ್ದವು, ಅಲ್ ಜಜೀರ ಮತ್ತು ಆಸ್ಟ್ರೇಲಿಯದ ಎಬಿಸಿಯಂಥ ಸುದ್ದಿ ಸಂಸ್ಥೆಗಳ ಪುಟಗಳೂ ಇದ್ದವು. ಕೆಲವು ನಮೂದುಗಳು ವಿಳಾಸಗಳೇ ಆಗಿರಲಿಲ್ಲ; ವೆಬ್ ಪುಟದ ಮೂಲ ಸಂಕೇತದಿಂದ ಚಿತ್ರದ ಟ್ಯಾಗನ್ನು ಹಾಗೆಯೇ ಎತ್ತಿ ಅಂಟಿಸಿದ್ದರು. ಅಂಥದ್ದನ್ನು ಯಾರೂ ತಡೆಯಲಾರರು. ಪಟ್ಟಿ ತಯಾರಿಸಿದವರು ಅದನ್ನು ಓದಿ ನೋಡಿದ್ದರೇ ಎಂಬ ಅನುಮಾನ ಸಹಜ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ವದಂತಿಯನ್ನು ಬಯಲಿಗೆಳೆದವರ ಬರಹಗಳೂ ಪಟ್ಟಿಯಲ್ಲಿದ್ದವು. ಬರ್ಮಾದ್ದೆಂದು ಹಬ್ಬಿಸಿದ ಚಿತ್ರಗಳು ನಿಜವಾಗಿ ಎಲ್ಲಿಯವು ಎಂದು ಒಂದೊಂದನ್ನೂ ಮೂಲ ಸಹಿತ ತೋರಿಸಿದ ಪಾಕಿಸ್ತಾನಿ ಲೇಖನವೊಂದು ಹೀಗೆ ತಡೆಗೆ ಸಿಕ್ಕಿತು. ಸುಳ್ಳನ್ನು ಸುಳ್ಳೆಂದು ತೋರಿಸಬೇಕಾದರೆ ಆ ಸುಳ್ಳಿನ ಚಿತ್ರವನ್ನು ಮುಂದಿಡಲೇಬೇಕು, ಪಟ್ಟಿ ಮಾಡುವವರಿಗೆ ಎರಡೂ ಒಂದೇ ರೀತಿ ಕಂಡವು.

ದಿನಾಂಕಗಳನ್ನು ಮತ್ತೊಮ್ಮೆ ನೋಡಿ. ನಿಲ್ದಾಣ ತುಂಬಿ ತುಳುಕಿದ್ದು 15ರಿಂದ 17ರವರೆಗೆ. ತಡೆಯ ಆದೇಶಗಳು ಶುರುವಾದದ್ದು 18ರಂದು. ಬೆಂಗಳೂರಿನಲ್ಲಿ ಭಯ ಹಬ್ಬಿದ್ದು ಹೆಚ್ಚಾಗಿ ಎಸ್‌ಎಂಎಸ್ ಮತ್ತು ಫೋನ್ ಕರೆಗಳ ಮೂಲಕ, ಊರಿನಿಂದ ತಾಯಂದಿರು ‘ಬಂದುಬಿಡು’ ಎಂದು ಅತ್ತದ್ದರಿಂದ. ಇದನ್ನು ತಡೆಪಟ್ಟಿ ಮುಟ್ಟುವಂತಿರಲಿಲ್ಲ. ಬೇರೆ ನಗರಗಳಲ್ಲಿ ಹೊಸ ಹಿಂಸೆ ಕೆರಳದಂತೆ ಅದು ತಡೆದಿರಬಹುದು ಎಂದು ವಾದಿಸಲು ಅವಕಾಶವಿದೆ. ಆ ವಾದವನ್ನು ಸಾಬೀತುಪಡಿಸುವುದಾಗಲಿ ಅಲ್ಲಗಳೆಯುವುದಾಗಲಿ ಕಷ್ಟ. ಆದರೆ 309 ನಮೂದುಗಳಲ್ಲಿ ಇಷ್ಟು ತಪ್ಪುಗಳು ಗೊತ್ತಾದದ್ದು ಪಟ್ಟಿ ಸೋರಿದ್ದರಿಂದ ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳ ಪ್ರಕಾರ 69ಎ ಅಡಿ ತಡೆಯಾದ ವಿಳಾಸಗಳು 2014ರಲ್ಲಿ 471, 2018ರಲ್ಲಿ 2,799, 2020ರಲ್ಲಿ 9,849, 2021ರಲ್ಲಿ 6,096. ಈ ಸಾವಿರಗಳ ಪಟ್ಟಿ ಅಧಿಕೃತವಾಗಿ ಹೊರಬಂದಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಸಿಗುವ ಉತ್ತರದಲ್ಲಿ 16ನೇ ನಿಯಮದ ಉಲ್ಲೇಖ ಇದ್ದೇ ಇರುತ್ತದೆ.

ಗೋಪ್ಯತೆ ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ತನುಲ್ ಠಾಕೂರ್ ಪ್ರಕರಣ ಸಾಕು. ಈ ಪತ್ರಕರ್ತ 2011ರಲ್ಲಿ ‘ಡೌರಿ ಕ್ಯಾಲ್ಕುಲೇಟರ್’ ಎಂಬ ತಾಣ ತೆರೆದರು. ವರನ ಓದು, ಸಂಬಳ, ಜಾತಿ ತುಂಬಿದರೆ ಇಷ್ಟು ವರದಕ್ಷಿಣೆ ಎಂದು ಲೆಕ್ಕ ಹೇಳುವ ವಿಡಂಬನೆ ಅದು. ವರದಕ್ಷಿಣೆಯನ್ನು ಗೇಲಿ ಮಾಡಿದ ತಾಣವೇ ವರದಕ್ಷಿಣೆಗೆ ಕುಮ್ಮಕ್ಕು ಕೊಡುತ್ತದೆಂದು 2018ರಲ್ಲಿ ತಡೆಗೆ ಒಳಗಾಯಿತು. ತಾಣ ಅವರ ಹೆಸರಿನಲ್ಲಿಯೇ ಇತ್ತು, ಅವರನ್ನು ಪತ್ತೆ ಹಚ್ಚುವುದು ಕಷ್ಟವಿರಲಿಲ್ಲ, ಆದರೂ ನೋಟಿಸು ಬರಲಿಲ್ಲ. ಆದೇಶದ ಪ್ರತಿ ಕೇಳಿದರೆ ಗೋಪ್ಯ ಎಂದರು. ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2022ರ ಮೇ ತಿಂಗಳಲ್ಲಿ, ಅವರಿಗೆ ಆದೇಶದ ಪ್ರತಿ ಕೊಟ್ಟು ಅಹವಾಲು ಕೇಳುವಂತೆ ನ್ಯಾಯಾಲಯ ಸೂಚಿಸಿತು. ನಾಲ್ಕು ವರ್ಷ ಕಳೆದದ್ದು ತಡೆ ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಲ್ಲ, ಆದೇಶದ ಕಾಗದ ನೋಡುವುದಕ್ಕೆ. ವಿಎಲ್‌ಸಿ ವೀಡಿಯೊ ಪ್ಲೇಯರಿನ ತಾಣದ ಕಥೆಯೂ ಇದೇ ಜಾತಿಯದು. 2022ರ ಆರಂಭದಿಂದ ಅದು ಭಾರತದಲ್ಲಿ ತೆರೆಯುತ್ತಿರಲಿಲ್ಲ, ಏಕೆಂದು ತಯಾರಕರಿಗೇ ಗೊತ್ತಿರಲಿಲ್ಲ. ವಕೀಲರ ನೋಟಿಸು ಹೋದ ಮೇಲೆ ನವೆಂಬರಿನಲ್ಲಿ ತೆರವಾಯಿತು.

ಇನ್ನು ಕರ್ನಾಟಕ ಹೈಕೋರ್ಟು. ಎಚ್‌ಟಿಟಿಪಿಎಸ್ ಸೇವಾ ಕಂಪನಿಗಳ ಕಣ್ಣು ಕಟ್ಟಿದ್ದರಿಂದ ಬಿಡಿ ಬರಹಗಳ ತಡೆಯ ಕೆಲಸ ಟ್ವಿಟರ್, ಯೂಟ್ಯೂಬಿನಂಥ ವೇದಿಕೆಗಳ ಹೆಗಲೇರಿತು ಎಂದು ಮೇಲಿನ ತಾಂತ್ರಿಕ ವಿವರದಿಂದ ಊಹಿಸಬಹುದು. 2021ರ ಫೆಬ್ರವರಿಯಿಂದ ಒಂದು ವರ್ಷದಲ್ಲಿ ಸರ್ಕಾರ 1,474 ಖಾತೆಗಳನ್ನೂ 175 ಟ್ವೀಟುಗಳನ್ನೂ ತಡೆಯಲು ಟ್ವಿಟರಿಗೆ ಆದೇಶಿಸಿತ್ತು. ಅವುಗಳಲ್ಲಿ 39 ವಿಳಾಸಗಳ ಕುರಿತು ಕಂಪನಿ 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ರಿಟ್ ಅರ್ಜಿ ಹಾಕಿತು. ಒಂದು ಟ್ವೀಟಿಗಾಗಿ ಇಡೀ ಖಾತೆ ಮುಚ್ಚಿಸುವುದು ಅತಿಯಾಯಿತು, ಬರೆದವರಿಗೆ ನೋಟಿಸಿಲ್ಲ, ಕಾರಣಗಳಿಲ್ಲ ಎಂಬುದು ವಾದ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಏಕಸದಸ್ಯ ಪೀಠ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ಕಂಪನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಆದೇಶ ಪಾಲಿಸದೆ, ಅದಕ್ಕೆ ಕಾರಣವನ್ನೂ ಹೇಳದೆ ಕುಳಿತದ್ದು ಅದರ ವಿರುದ್ಧ ಹೋಯಿತು. ಈ ಅಂಶದಲ್ಲಿ ನ್ಯಾಯಾಲಯದ ಅಸಮಾಧಾನ ಅಕಾರಣವಲ್ಲ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ 25 ಲಕ್ಷ ಠೇವಣಿ ಇಡುವ ಷರತ್ತಿನ ಮೇಲೆ ಮಧ್ಯಂತರ ಪರಿಹಾರ ಕೊಟ್ಟಿತು.

ಎರಡನೆಯ ಮೊಕದ್ದಮೆ 2025ರದು. ಅಷ್ಟರಲ್ಲಿ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ‘ಸಹಯೋಗ್’ ಎಂಬ ಪೋರ್ಟಲ್ ತೆರೆದಿತ್ತು. ಇದರ ಮೂಲಕ ಹೋಗುವ ಸೂಚನೆಗಳಿಗೆ ಆಧಾರ 69ಎ ಅಲ್ಲ, 79(3)(ಬಿ). ಈ ಉಪಸೆಕ್ಷನ್ ಮೂಲತಃ ವೇದಿಕೆಗಳ ಹೊಣೆಗಾರಿಕೆಗೆ ಸಂಬಂಧಿಸಿದ್ದು: ಸರ್ಕಾರ ತಿಳಿಸಿದ ಮೇಲೂ ಕಾನೂನುಬಾಹಿರ ಬರಹವನ್ನು ತೆಗೆಯದಿದ್ದರೆ ವೇದಿಕೆ ತನ್ನ ಕಾನೂನು ರಕ್ಷಣೆ ಕಳೆದುಕೊಳ್ಳುತ್ತದೆ. 69ಎ ಅಡಿ ಇರುವಂಥ ಸಮಿತಿ ಆಗ ಇಲ್ಲಿರಲಿಲ್ಲ, ಲಿಖಿತ ಕಾರಣದ ಕಟ್ಟುಪಾಡಿರಲಿಲ್ಲ, ಬರೆದವರ ಅಹವಾಲಿರಲಿಲ್ಲ. ಹೊಸ ಉಪಾಯವೂ ಅಲ್ಲ ಇದು. ಶ್ರೇಯಾ ಸಿಂಘಲ್ ತೀರ್ಪು ಬಂದ ನಾಲ್ಕೇ ತಿಂಗಳಿಗೆ, 2015ರ ಜುಲೈ ಕೊನೆಯಲ್ಲಿ, 857 ಅಶ್ಲೀಲ ತಾಣಗಳನ್ನು ಮುಚ್ಚಲು ಹೊರಟ ಆದೇಶಕ್ಕೂ ಇದೇ ಉಪಸೆಕ್ಷನ್ ಆಧಾರವಾಗಿತ್ತು. ಆ ಪಟ್ಟಿಯಲ್ಲಿ ಬರೀ ನಗೆಚಾಟಿಕೆಯ ತಾಣಗಳೂ ಸಿಕ್ಕಿಬಿದ್ದು, ಗದ್ದಲವಾಗಿ, ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ಪಟ್ಟಿಯೂ ಸೋರಿ ಬಯಲಾಗಿತ್ತು.

ಸಹಯೋಗ್ ವಿರುದ್ಧದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾಗೊಳಿಸಿದರು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಮಾತ್ರ, ವಿದೇಶಿ ಕಂಪನಿ ಅದನ್ನು ಆಶ್ರಯಿಸಲಾಗದು ಎಂಬುದು ತೀರ್ಪಿನ ಒಂದು ಮುಖ್ಯ ಅಂಶ. ಸಂವಿಧಾನದ ಪಠ್ಯವನ್ನು ಓದಿದರೆ ಅದು ಸರಿಯಾದ ಮಾತೇ. ಆದರೆ ಅದನ್ನು 16ನೇ ನಿಯಮದೊಡನೆ ಜೋಡಿಸಿ ನೋಡಿದಾಗ ಸಿಗುವ ಚಿತ್ರ ವಿಚಿತ್ರವಾಗಿದೆ. ಆದೇಶ ಕೈಯಲ್ಲಿರುವ ಕಂಪನಿಗೆ ಮಾತಾಡುವ ಹಕ್ಕಿಲ್ಲ. ಮಾತಾಡುವ ಹಕ್ಕಿರುವ ನಾಗರಿಕನ ಕೈಗೆ ಆದೇಶ ಬರುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ನಂಬಿದ್ದ ರಿಟ್ ಅರ್ಜಿಯನ್ನು ಹಾಗಾದರೆ ಯಾರು ಬರೆಯಬೇಕು?

ವೇದಿಕೆಗಳೇ ನಮ್ಮ ಪರವಾಗಿ ಹೋರಾಡುತ್ತವೆ ಎಂದುಕೊಳ್ಳುವುದು ಭೋಳೆತನ. ಆದೇಶ ಪಾಲಿಸದ ಸಂಸ್ಥೆಯ ಹೊಣೆಗಾರರಿಗೆ 69ಎ ಅಡಿ ಏಳು ವರ್ಷಗಳವರೆಗೆ ಸೆರೆವಾಸವಿದೆ. ಇಂಥ ಭಯವಿಲ್ಲದಾಗಲೂ ಅವು ಎಷ್ಟು ಬೇಗ ಬಾಗುತ್ತವೆ ಎಂಬುದನ್ನು ರಿಷಭ್ ದಾರಾ ಎಂಬ ಸಂಶೋಧಕರು 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಬೇಕೆಂದೇ ದೋಷವಿಟ್ಟು ಬರೆದ ದೂರುಗಳನ್ನು ಏಳು ಸಂಸ್ಥೆಗಳಿಗೆ ಕಳಿಸಿದಾಗ ಆರು ಸಂಸ್ಥೆಗಳು ಕೇಳಿದ್ದಕ್ಕಿಂತ ಹೆಚ್ಚನ್ನೇ ಅಳಿಸಿಹಾಕಿದವು.

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ತಾಣಪಟ್ಟಿಯನ್ನು ಪ್ರಕಟಿಸುವುದೇ ಅಪಾಯ, ಅದು ವಿಕೃತರಿಗೆ ದಾರಿ ತೋರಿಸಿದಂತಾಗುತ್ತದೆ ಎಂಬ ಆಕ್ಷೇಪ ಒಂದಿದೆ. ಇದನ್ನು ನಾನು ಒಪ್ಪುತ್ತೇನೆ. ಅಂಥ ವಿಳಾಸಗಳನ್ನು ಮುಚ್ಚಿಟ್ಟು ಉಳಿದ ಆದೇಶವನ್ನು ಹೊರಗಿಡುವುದು ಕಷ್ಟವೇನಲ್ಲ. ಅಲ್ಲದೆ, ಆ ಒಂದು ವರ್ಗಕ್ಕೆ ಬೇಕಾದ ಗುಟ್ಟನ್ನು ವಿಡಂಬನೆಗೂ ಸುದ್ದಿ ಪುಟಕ್ಕೂ ವೀಡಿಯೊ ಪ್ಲೇಯರಿಗೂ ಹೊದಿಸಲು ಕಾರಣವಿಲ್ಲ. 2009ರಲ್ಲಿ ಆಸ್ಟ್ರೇಲಿಯದ ಗೋಪ್ಯ ಪಟ್ಟಿ ವಿಕಿಲೀಕ್ಸ್‌ನಲ್ಲಿ ಬಯಲಾದಾಗ ಕ್ವೀನ್ಸ್‌ಲ್ಯಾಂಡಿನ ಹಲ್ಲಿನ ಡಾಕ್ಟರೊಬ್ಬರ ತಾಣ ಅದರಲ್ಲಿತ್ತು. ಕಡ್ಡಾಯ ತಡೆಯ ಯೋಜನೆಯನ್ನು ಅಲ್ಲಿನ ಸರ್ಕಾರ 2012ರಲ್ಲಿ ಕೈಬಿಟ್ಟಿತು.

ದೇಶದೊಳಗೇ ಒಂದು ಮಾದರಿಯಿದೆ. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂತರ್ಜಾಲ ಸ್ಥಗಿತಗೊಳಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಕಾಶ್ಮೀರದಂಥ ಕಡೆ ಇಡೀ ಜಾಲ ಸ್ಥಗಿತಗೊಳಿಸುವ ಆದೇಶವೇ ಬಹಿರಂಗವಾಗಬಹುದಾದರೆ, ಒಂದು ತಾಣ ಮುಚ್ಚುವ ಆದೇಶ ಗುಟ್ಟಾಗಿರಬೇಕೆನ್ನುವುದಕ್ಕೆ ತರ್ಕ ಸಿಗುವುದಿಲ್ಲ. 16ನೇ ನಿಯಮವನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಕೇಂದ್ರಕ್ಕೆ ನೋಟಿಸು ನೀಡಿದೆ.

ನಿಯಮ ಬದಲಾಗುವವರೆಗೂ ಕಾಯಬೇಕಿಲ್ಲದ ಒಂದು ಸಣ್ಣ ಸುಧಾರಣೆಯನ್ನು ಇಲ್ಲಿ ಹೇಳಬಹುದು. ವೆಬ್ ತಂತ್ರಜ್ಞರು 2016ರ ಫೆಬ್ರವರಿಯಲ್ಲಿ 451 ಎಂಬ ಸಂಕೇತವನ್ನು ಅಧಿಕೃತವಾಗಿ ಪ್ರಕಟಿಸಿದರು. ಕಾನೂನು ಕಾರಣಕ್ಕೆ ಈ ಪುಟ ಲಭ್ಯವಿಲ್ಲ ಎಂದು ಸಾರುವ ಸಂಕೇತ ಅದು; ಯಾರ ಆಜ್ಞೆ, ಯಾವ ಕಾನೂನು ಎಂಬ ವಿವರವನ್ನೂ ಜೊತೆಗೆ ಕೊಡಬೇಕೆಂಬುದು ಅದರ ಆಶಯ. ನಮ್ಮಲ್ಲಿ ಈಗ ಕಾಣುವುದು, ಕಂಡರೆ, ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ ತಡೆಯಲಾಗಿದೆ ಎಂಬ ಒಂದು ಸಾಲು. ಎಷ್ಟೋ ಸಲ ಅದೂ ಇಲ್ಲದೆ ಪುಟ ಸುಮ್ಮನೆ ತೆರೆಯುವುದಿಲ್ಲ, ನೆಟ್‌ವರ್ಕ್ ಸರಿಯಿಲ್ಲವೆಂದು ಓದುಗ ಮುಂದೆ ಹೋಗುತ್ತಾನೆ. ಆ ಒಂದು ಸಾಲಿನ ಕೆಳಗೆ ಆದೇಶದ ಸಂಖ್ಯೆ, ದಿನಾಂಕ, ಅನ್ವಯಿಸಿದ ಸೆಕ್ಷನ್ ಮತ್ತು ಮೇಲ್ಮನವಿ ಸಲ್ಲಿಸಬೇಕಾದ ವಿಳಾಸ ಮುದ್ರಿಸುವಂತೆ ಸೇವಾ ಕಂಪನಿಗಳ ಪರವಾನಗಿಯಲ್ಲಿ ಒಂದು ಷರತ್ತು ಸೇರಿಸಲು ಇಲಾಖೆಗೆ ಸಂಸತ್ತಿನ ಅನುಮತಿ ಬೇಕಿಲ್ಲ.